ಮ್ಯಾನ್ಯುಯಲ್ ಹೇಳುವ ವೇಗ, ನನ್ನ ಬ್ಯಾರೆಲ್ ಕೊಡುವ ವೇಗ

ರೈಫಲ್ ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತೇನೆ. .308 ವಿಂಚೆಸ್ಟರ್ ತೋಟಾಗೆ 168 ಗ್ರೇನ್ (ತೂಕದ ಅಳತೆ) ಬುಲೆಟ್ ಕೂರಿಸಿ ನಾನು ಮಾಡಿದ ಲೋಡಿಗೆ, ಅಂದರೆ ಪೌಡರ್-ಬುಲೆಟ್ ಜೋಡಣೆಗೆ, ತೋಟಾ ತುಂಬುವವರ ಮ್ಯಾನ್ಯುಯಲ್ ಕೊಟ್ಟ ವೇಗ ಸೆಕೆಂಡಿಗೆ 2,650 ಅಡಿ. ಟೆಕ್ಸಾಸ್‌ನ ರೇಂಜಿನಲ್ಲಿ ಹತ್ತು ಶಾಟ್‌ಗಳ ಸರಾಸರಿ ಬಂದದ್ದು 2,538. ಇಷ್ಟು ಅಂತರ ಕಂಡರೆ ಪೌಡರ್ ಏರಿಸುವ ಆಸೆಯಾಗುತ್ತದೆ. ದಯವಿಟ್ಟು ಏರಿಸಬೇಡಿ. ಸೆಕೆಂಡಿಗೆ ಆ 112 ಅಡಿ ಎಲ್ಲಿ ಹೋಯಿತೆಂದು ಮೊದಲು ಲೆಕ್ಕ ಹಾಕಿ. (ಮುಂದೆಯೂ ವೇಗದ ಮಾತಿನಲ್ಲಿ ‘ಅಡಿ’ ಎಂದರೆ ಸೆಕೆಂಡಿಗೆ ಅಡಿ.)

ದೊಡ್ಡ ಪಾಲು ಬ್ಯಾರೆಲ್‌ನದು. ಮ್ಯಾನ್ಯುಯಲ್‌ನವರ ಟೆಸ್ಟ್ ಬ್ಯಾರೆಲ್ 24 ಇಂಚು, ನನ್ನದು 20. ಈ ಕ್ಯಾಲಿಬರ್‌ನಲ್ಲಿ ಇಂಚಿಗೆ 20ರಿಂದ 25 ಅಡಿ ಎಂದು ಹಿಡಿದರೂ 80ರಿಂದ 100 ಅಡಿ ಅಲ್ಲೇ ಕಳೆಯಿತು. ವೇಗ ಅಳೆಯುವ ಯಂತ್ರ ಕ್ರೋನೋಗ್ರಾಫ್ ಇಟ್ಟಿದ್ದು ಬ್ಯಾರೆಲ್‌ನ ಬಾಯಿಂದ 12 ಅಡಿ ದೂರದಲ್ಲಿ. ಅಷ್ಟರಲ್ಲಿ ಗಾಳಿ ವೇಗದಲ್ಲಿ ಸುಮಾರು 7 ಅಡಿ ತಿನ್ನುತ್ತದೆ. ಮಿಕ್ಕಿದ್ದಕ್ಕೆ ಚೇಂಬರ್ (ತೋಟಾ ಕೂರುವ ಜಾಗ) ಸಾಕು. ಟೆಸ್ಟ್ ಬ್ಯಾರೆಲ್‌ಗಳ ಚೇಂಬರ್ ಮತ್ತು ಬೋರ್ (ಬ್ಯಾರೆಲ್‌ನ ಒಳಕೊಳವೆ) ಅನ್ನು ಅನುಮತಿಸಿದ ಕನಿಷ್ಠ ಅಳತೆಗೆ ಹತ್ತಿರವಾಗಿ ಕೊರೆದಿರುತ್ತಾರೆ, ಹಾಗಾಗಿ ಅಲ್ಲಿ ಒತ್ತಡವೂ ವೇಗವೂ ಹೆಚ್ಚು. ಅಂಗಡಿಯ ರೈಫಲ್ ಸಡಿಲ.

ಅಳೆಯುವ ಯಂತ್ರವನ್ನೂ ಕಣ್ಣುಮುಚ್ಚಿ ನಂಬಬಾರದು. ಸೆನ್ಸರ್‌ಗಳ ನಡುವೆ ಒಂದೇ ಅಡಿ ಅಂತರವಿರುವ ಮಡಚುವ ಮಾದರಿಯನ್ನು ಪೂರ್ತಿ ಬಿಚ್ಚದೆ ಅಂತರ 1/16 ಇಂಚು ಕಡಿಮೆಯಾದರೆ ವೇಗ ಸುಮಾರು 14 ಅಡಿ ಹೆಚ್ಚು ತೋರಿಸುತ್ತದೆ. ಬುಲೆಟ್ಟಿನ ದಾರಿಗೆ 5 ಡಿಗ್ರಿ ಓರೆಯಾಗಿಟ್ಟರೆ 10 ಅಡಿ ಕಡಿಮೆ. ತೀರಾ ಹತ್ತಿರವಿಟ್ಟರೆ ಮಝಲ್ ಬ್ಲಾಸ್ಟ್ (ಬ್ಯಾರೆಲ್‌ನ ಬಾಯಿಂದ ಬರುವ ಸ್ಫೋಟದ ಹೊಡೆತ) ಸೆನ್ಸರನ್ನು ಮೋಸಗೊಳಿಸುತ್ತದೆ. ಅದಕ್ಕೇ 10ರಿಂದ 15 ಅಡಿ ದೂರ ಬೇಕು. ರೇಡಾರ್ ಮಾದರಿ ಹಿಂದಕ್ಕೆ ಲೆಕ್ಕ ಹಾಕಿ ಮಝಲ್ ವೇಗವನ್ನೇ ಕೊಡುತ್ತದೆ, ಅದಕ್ಕೆ ದೂರದ ತಿದ್ದುಪಡಿ ಸೇರಿಸಬೇಡಿ. ಬ್ಯಾರೆಲ್‌ಗೆ ಕಟ್ಟುವ ಮ್ಯಾಗ್ನೆಟ್ ಮಾದರಿ ವೇಗವನ್ನು ಚೆನ್ನಾಗಿ ಅಳೆಯುತ್ತದೆ, ಆದರೆ ಅದರ ಭಾರಕ್ಕೆ ಗುಂಡು ಬೀಳುವ ಜಾಗ ಬದಲಾಗುವುದರಿಂದ ನಿಖರತೆ ನೋಡುವ ಗ್ರೂಪ್ ಅನ್ನು ಬೇರೆಯಾಗಿ ಹೊಡೆಯಬೇಕು. ಯಂತ್ರ ಸರಿಯಿದೆಯೇ ಎಂದು ತಿಳಿಯಲು ಪ್ರತಿ ಸಲ ಶುರುವಿಗೆ ಒಂದೇ ಲಾಟ್‌ನ (ಒಟ್ಟಿಗೇ ತಯಾರಾದ ಕಂತಿನ) .22 ತೋಟಾ ಹತ್ತು ಹೊಡೆದು ನೋಡುತ್ತೇನೆ. ಆ ಸರಾಸರಿ ಹಿಂದಿನದಕ್ಕಿಂತ ತುಂಬ ಸರಿದಿದ್ದರೆ ಆ ದಿನದ ಅಂಕಿಗಳನ್ನು ಬರೆದುಕೊಳ್ಳುವುದಿಲ್ಲ.

ಮೂರು ಶಾಟ್‌ಗಳ ಸರಾಸರಿಗೆ ಬೆಲೆ ಕಡಿಮೆ. ಸ್ಟ್ಯಾಂಡರ್ಡ್ ಡೀವಿಯೇಷನ್ (ಶಾಟ್‌ನಿಂದ ಶಾಟ್‌ಗೆ ವೇಗ ಚದುರುವ ಅಳತೆ) 15 ಇದ್ದರೆ ಮೂರರ ಸರಾಸರಿಯಲ್ಲಿ ಸುಮಾರು 9 ಅಡಿಯ ಅನಿಶ್ಚಿತತೆ, ಹತ್ತರಲ್ಲಿ 5. ಜೊತೆಗೆ ತಾಪಮಾನ, ಪೌಡರ್ ಲಾಟ್, ಪ್ರೈಮರ್ (ಪೌಡರ್ ಹೊತ್ತಿಸುವ ಪುಟ್ಟ ಕ್ಯಾಪ್), ಬ್ರಾಸ್‌ನ (ತೋಟಾದ ಹಿತ್ತಾಳೆ ಕವಚದ) ಬ್ರ್ಯಾಂಡ್ ಬರೆದಿಡಿ. ಕೆಲವು ಬಾಲ್ ಪೌಡರ್‌ಗಳು (ದುಂಡು ಕಾಳಿನ ಪೌಡರ್‌ಗಳು) ಬಿಸಿಲಲ್ಲಿ ಎದ್ದು ಕಾಣುವಷ್ಟು ವೇಗ ಏರಿಸುತ್ತವೆ. ತೋಟಾ ನೆರಳಲ್ಲಿರಲಿ, ಬಿಸಿ ಚೇಂಬರ್‌ನಲ್ಲಿ ತುಂಬಿಟ್ಟು ಕಾಯಬೇಡಿ.

ನಿಜವಾಗಿ ಹೆದರಬೇಕಾದದ್ದು ವೇಗ ಹೆಚ್ಚು ಬಂದಾಗ. 20 ಇಂಚಿನ ಬ್ಯಾರೆಲ್ 24 ಇಂಚಿನ ಅಂಕಿಯನ್ನು ಮುಟ್ಟಿದರೆ ಆ ವೇಗ ಒತ್ತಡದಿಂದಲೇ ಬಂದಿರುತ್ತದೆ. .308ರ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಚಪ್ಪಟೆಯಾದ ಪ್ರೈಮರ್, ಬಿಗಿಯಾದ ಬೋಲ್ಟ್ (ಚೇಂಬರ್ ಮುಚ್ಚುವ ಭಾಗ) ಕಾಣಿಸುವ ಹೊತ್ತಿಗೆ ಅದು ದಾಟಿರಬಹುದು. ದಪ್ಪ ಗೋಡೆಯ ಮಿಲಿಟರಿ ಬ್ರಾಸ್‌ನಲ್ಲಿ ಒಳಜಾಗ ಕಡಿಮೆ, ಅಷ್ಟೇ ಪೌಡರ್‌ಗೆ ಒತ್ತಡ ಹೆಚ್ಚು. ಬ್ರಾಸ್, ಬುಲೆಟ್, ಪ್ರೈಮರ್, ಪೌಡರ್ ಲಾಟ್ ಯಾವುದು ಬದಲಾದರೂ ನಾನು ಮ್ಯಾನ್ಯುಯಲ್‌ನ ಆರಂಭದ ಲೋಡಿಗೆ ಇಳಿದು ಮತ್ತೆ ಏರುತ್ತೇನೆ.