ಗ್ರಾಫೀನ್ ಎಲೆಕ್ಟ್ರೋಡ್ ತಯಾರಿಸಿ ಮಾತ್ರೆಯಲ್ಲಿನ ಪ್ಯಾರಾಸಿಟಮಾಲ್ ಅಳೆಯುವ ಕ್ರಮ

ಈ ಅಳತೆ ಕೈಕೊಡುವುದು ಹೆಚ್ಚಾಗಿ ಗ್ರಾಫೀನ್‌ನಿಂದಲ್ಲ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ), ಅದರ ಕೆಳಗಿರುವ ಕಾರ್ಬನ್‌ನಿಂದ. ಹಾಗಾಗಿ ಹೆಚ್ಚು ಹೊತ್ತು ಕೊಡಬೇಕಾದದ್ದು ಉಜ್ಜುವ ಕೆಲಸಕ್ಕೆ.

3 ಮಿ.ಮೀ. ವ್ಯಾಸದ ಗ್ಲಾಸಿ ಕಾರ್ಬನ್ (ಗಾಜಿನಂತೆ ನಯವಾದ, ಗಟ್ಟಿ ಕಾರ್ಬನ್) ಎಲೆಕ್ಟ್ರೋಡನ್ನು ಮೊದಲು 0.3, ಆಮೇಲೆ 0.05 ಮೈಕ್ರಾನ್ ಅಲ್ಯೂಮಿನಾ ಪುಡಿಯಲ್ಲಿ ಎರಡೆರಡು ನಿಮಿಷ, 8ರ ಆಕಾರದಲ್ಲಿ ಉಜ್ಜಿ. ಒಂದೊಂದು ಪುಡಿಗೂ ಬೇರೆ ಬಟ್ಟೆ ಇರಲಿ. ದಪ್ಪ ಕಣ ಒಂದೇ ಒಂದು ಉಳಿದರೂ ಗೀರು ಬೀಳುತ್ತದೆ. ಎಥನಾಲ್‌ನಲ್ಲೂ ನೀರಿನಲ್ಲೂ ಒಂದೊಂದು ನಿಮಿಷ ಸೋನಿಕೇಟ್ ಮಾಡಿದರೆ (ಶ್ರವಣಾತೀತ ಅಲೆಗಳಿಂದ ಅಲುಗಿಸಿದರೆ) ಸಾಕು. ಹೆಚ್ಚು ಹೊತ್ತು ಬಿಟ್ಟರೆ ಕಾರ್ಬನ್ ಬಿಲ್ಲೆಗೂ ಪ್ಲಾಸ್ಟಿಕ್ ಕವಚಕ್ಕೂ ನಡುವಿನ ಬೆಸುಗೆ ಸಡಿಲವಾಗಿ ದ್ರಾವಣ ಒಳಗೆ ನುಗ್ಗುತ್ತದೆ.

ಈಗ ಪರೀಕ್ಷೆ. 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ 5 ಮಿಲಿಮೋಲಾರ್ ಪೊಟ್ಯಾಸಿಯಂ ಫೆರಿಸೈನೈಡ್ ಕರಗಿಸಿ, ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸುತ್ತಾ ಕರೆಂಟ್ ದಾಖಲಿಸುವ ವಿಧಾನ) ಓಡಿಸಿ. ಏರುವಾಗ ಒಂದು, ಇಳಿಯುವಾಗ ಒಂದು ಕಾಣುವ ಎರಡು ಪೀಕ್‌ಗಳ (ಕರೆಂಟಿನ ಶಿಖರಗಳ) ಅಂತರ ಸಿದ್ಧಾಂತದ ಪ್ರಕಾರ 59 ಮಿಲಿವೋಲ್ಟ್, 80ರವರೆಗೆ ಒಪ್ಪಬಹುದು. 100 ದಾಟಿದರೆ ಮತ್ತೆ ಉಜ್ಜಿ, ಮುಂದೆ ಹೋಗಬೇಡಿ.

ಬಫರ್‌ಗೆ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) 1 ಮೋಲಾರ್ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 57.7 ಮಿ.ಲೀ., 1 ಮೋಲಾರ್ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 42.3 ಮಿ.ಲೀ. ಬೆರೆಸಿ, ನೀರು ಹಾಕಿ 1 ಲೀಟರ್ ಮಾಡಿ. ಪಿಎಚ್ 7.0 ಬಂದಿದೆಯೇ ಎಂದು ಮೀಟರಿನಲ್ಲಿ ನೋಡಿ.

ಗ್ರಾಫೀನ್ ಆಕ್ಸೈಡನ್ನು ಮಿ.ಲೀ.ಗೆ 1 ಮಿ.ಗ್ರಾಂ. ಲೆಕ್ಕದಲ್ಲಿ ನೀರಿಗೆ ಹಾಕಿ ಅರ್ಧ ಗಂಟೆ ಸೋನಿಕೇಟ್ ಮಾಡಿ, 5 ಮೈಕ್ರೋಲೀಟರ್ ಹನಿಯನ್ನು ಎಲೆಕ್ಟ್ರೋಡಿನ ಮೇಲಿಡಿ. ಬೀಕರ್ ಬೋರಲು ಹಾಕಿ ಕೋಣೆಯ ಉಷ್ಣತೆಯಲ್ಲೇ ಒಣಗಲು ಬಿಡಿ. ಬೇಗ ಒಣಗಿಸಿದರೆ ಕಣಗಳೆಲ್ಲ ಅಂಚಿಗೆ ಸರಿದು, ಚೆಲ್ಲಿದ ಕಾಫಿಯ ಕಲೆಯಂತೆ ಉಂಗುರ ಕಟ್ಟುತ್ತವೆ. ಹೆಚ್ಚು ಹಚ್ಚಿದರೆ ಹೆಚ್ಚು ಸಂವೇದನೆ ಎಂದು ಎರಡು, ಮೂರು ಹನಿ ಇಡಬೇಡಿ. ಪದರ ದಪ್ಪವಾದಷ್ಟೂ ಹಿನ್ನೆಲೆಯ ಚಾರ್ಜಿಂಗ್ ಕರೆಂಟ್ (ರಾಸಾಯನಿಕ ಕ್ರಿಯೆ ಇಲ್ಲದೆಯೂ ಮೇಲ್ಮೈ ಚಾರ್ಜ್ ಆಗುವಾಗ ಹರಿಯುವ ಕರೆಂಟ್) ಏರಿ ಚಿಕ್ಕ ಪೀಕ್‌ಗಳು ಅದರಲ್ಲೇ ಮುಳುಗುತ್ತವೆ. ಪದರ ಕಿತ್ತುಬರುವುದೂ ಉಂಟು.

ಈ ಗ್ರಾಫೀನ್ ಆಕ್ಸೈಡಿನಿಂದ ಆಕ್ಸಿಜನ್ ತೆಗೆದು ಗ್ರಾಫೀನ್ ಮಾಡುವ ಅಪಕರ್ಷಣಕ್ಕೆ ವಿಷಕಾರಿ ಹೈಡ್ರಜೀನ್ ಬೇಡ, ವಿದ್ಯುತ್ತೇ ಸಾಕು. ಬಫರ್‌ನಲ್ಲಿ 15 ನಿಮಿಷ ನೈಟ್ರೋಜನ್ ಹಾಯಿಸಿ. ಇಲ್ಲದಿದ್ದರೆ ಕರಗಿದ ಆಕ್ಸಿಜನ್ ತನ್ನದೇ ಪೀಕ್ ತೋರಿಸಿ ದಾರಿ ತಪ್ಪಿಸುತ್ತದೆ. ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡಿಗೆ (ತನ್ನ ವೋಲ್ಟೇಜ್ ಬದಲಾಗದ, ಅಳತೆಗೆ ಆಧಾರವಾಗುವ ಎಲೆಕ್ಟ್ರೋಡ್) ಹೋಲಿಸಿ 0ಯಿಂದ −1.5 ವೋಲ್ಟ್‌ವರೆಗೆ 15 ಸುತ್ತು ಓಡಿಸಿ. ಮೊದಲ ಸುತ್ತಿನಲ್ಲಿ −1 ವೋಲ್ಟ್ ಆಸುಪಾಸಿನಲ್ಲಿ ಕಾಣುವ ದೊಡ್ಡ ಅಲೆ ಬರಬರುತ್ತಾ ಅಡಗಬೇಕು, ಕಂದು ಪದರ ಕಪ್ಪಾಗಬೇಕು. ಗುಳ್ಳೆ ಎದ್ದರೆ ಅದು ಹೈಡ್ರೋಜನ್, ಪದರವನ್ನೇ ಎಬ್ಬಿಸಿಬಿಡುತ್ತದೆ, −1.3ಕ್ಕೇ ನಿಲ್ಲಿಸಿ.

500 ಮಿ.ಗ್ರಾಂ.ನ ಐದು ಮಾತ್ರೆ ಅರೆದು, ಒಂದು ಮಾತ್ರೆಯ ಸರಾಸರಿ ತೂಕದಷ್ಟು ಪುಡಿ ತೆಗೆದುಕೊಳ್ಳಿ. ನೀರಿನಲ್ಲಿ 100 ಮಿ.ಲೀ. ಮಾಡಿ, 15 ನಿಮಿಷ ಸೋನಿಕೇಟ್ ಮಾಡಿ ಸೋಸಿ. ಇದರ 1 ಮಿ.ಲೀ.ಯನ್ನು 100 ಮಿ.ಲೀ.ಗೆ, ಆ ದ್ರಾವಣದ 0.3 ಮಿ.ಲೀ.ಯನ್ನು ಬಫರ್ ಸೇರಿಸಿ 10 ಮಿ.ಲೀ.ಗೆ ತನ್ನಿ. 0ಯಿಂದ 0.7 ವೋಲ್ಟ್‌ವರೆಗೆ ಡಿಫರೆನ್ಷಿಯಲ್ ಪಲ್ಸ್ ವೋಲ್ಟಾಮೆಟ್ರಿ (ಮೆಟ್ಟಿಲು ಮೆಟ್ಟಿಲಾಗಿ ಏರುವ ವೋಲ್ಟೇಜ್ ಮೇಲೆ ಚಿಕ್ಕ ಪಲ್ಸ್ ಕೊಟ್ಟು, ಪ್ರತಿ ಪಲ್ಸ್‌ಗೆ ಮೊದಲೂ ಕೊನೆಗೂ ಇರುವ ಕರೆಂಟಿನ ವ್ಯತ್ಯಾಸ ಅಳೆಯುವ ವಿಧಾನ) ಓಡಿಸಿ; ಪಲ್ಸ್ ಎತ್ತರ 50, ಹೆಜ್ಜೆ 4 ಮಿಲಿವೋಲ್ಟ್. ಪೀಕ್ 0.35ರ ಹತ್ತಿರ ಬರುತ್ತದೆ. ಉತ್ಕರ್ಷಣದಲ್ಲಿ ಎರಡು ಎಲೆಕ್ಟ್ರಾನ್ ಜೊತೆ ಎರಡು ಪ್ರೋಟಾನ್ ಹೊರಬೀಳುವುದರಿಂದ ಪಿಎಚ್ ಒಂದು ಏರಿದರೆ ಪೀಕ್ ಸುಮಾರು 59 ಮಿಲಿವೋಲ್ಟ್ ಕೆಳಗಿಳಿಯುತ್ತದೆ. ಅದಕ್ಕೇ ಎಲ್ಲ ಅಳತೆಗೂ ಒಂದೇ ಬಫರ್ ಇರಬೇಕು.

ಬಳಿಕ ಅದೇ 10 ಮಿ.ಲೀ.ಗೆ 1 ಮಿಲಿಮೋಲಾರ್ ಶುದ್ಧ ಪ್ಯಾರಾಸಿಟಮಾಲ್ ದ್ರಾವಣವನ್ನು 100 ಮೈಕ್ರೋಲೀಟರ್‌ನಂತೆ ಮೂರು ಸಲ ಸೇರಿಸಿ, ಪ್ರತಿ ಸಲವೂ ಅಳೆಯಿರಿ. ಗ್ರಾಫಿನ ಅಡ್ಡ ಅಕ್ಷದಲ್ಲಿ ಪ್ರತಿ ಸೇರ್ಪಡೆ 10 ಮೈಕ್ರೋಮೋಲಾರ್; ಪೀಕ್‌ನ ಕರೆಂಟನ್ನು ಮಿ.ಲೀ.ಯಲ್ಲಿನ ಒಟ್ಟು ಗಾತ್ರದಿಂದ ಗುಣಿಸಿ 10ರಿಂದ ಭಾಗಿಸಿ, ಲಂಬ ಅಕ್ಷದಲ್ಲಿ ಗುರುತಿಸಿ. ರೇಖೆಯನ್ನು ಹಿಂದಕ್ಕೆ ಎಳೆದಾಗ ಅದು ಅಡ್ಡ ಅಕ್ಷವನ್ನು ಮುಟ್ಟುವ ಬೆಲೆಯನ್ನು, ಋಣ ಚಿಹ್ನೆ ಬಿಟ್ಟು, 50.4ರಿಂದ ಗುಣಿಸಿದರೆ ಒಂದು ಮಾತ್ರೆಯಲ್ಲಿರುವ ಮಿಲಿಗ್ರಾಂ ಸಿಗುತ್ತದೆ.

ಪ್ರತಿ ಸ್ಕ್ಯಾನ್‌ಗೂ ಪೀಕ್ ಕುಗ್ಗುತ್ತಿದ್ದರೆ ಉತ್ಕರ್ಷಣದ ಉತ್ಪನ್ನಗಳು ಮೇಲ್ಮೈಗೆ ಅಂಟಿವೆ. ಖಾಲಿ ಬಫರ್‌ನಲ್ಲಿ ಐದಾರು ಸುತ್ತು ಓಡಿಸಿ ತೊಳೆಯಿರಿ. ಪೀಕ್‌ನ ಜಾಗವೇ ಅತ್ತಿತ್ತ ಸರಿದರೆ ರೆಫರೆನ್ಸ್ ಎಲೆಕ್ಟ್ರೋಡಿನ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿದೆಯೇ ನೋಡಿ. ಮಾತ್ರೆಯಲ್ಲಿ ಕೆಫೀನ್ ಇದ್ದರೆ ತೊಂದರೆಯಿಲ್ಲ, ಅದರ ಪೀಕ್ 1.2 ವೋಲ್ಟ್ ದಾಟಿ ಬರುತ್ತದೆ. ಮೂತ್ರದ ಮಾದರಿಯಲ್ಲಾದರೆ ಯೂರಿಕ್ ಆಮ್ಲದ ಪೀಕ್ ಪಕ್ಕದಲ್ಲೇ ಇರುತ್ತದೆ, ಎರಡೂ ಬೇರೆಯಾಗಿ ಕಾಣುತ್ತಿವೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.