ನಾಯಕತ್ವ ಕಲಿಯಲು ನಾನು ಓದಿದ್ದು ಅಪಘಾತದ ವರದಿ

ಎಂಟು ಜನರ ಟೀಮ್ ನನ್ನ ಕೈಗೆ ಬಂದ ದಿನ ರಾತ್ರಿ ಮೊಬೈಲ್ ಹಿಡಿದು ಹುಡುಕಲು ಕೂತೆ. ಒಳ್ಳೆ ಲೀಡರ್ ಆಗೋದು ಹೇಗೆ ಅಂತ. ಸಿಕ್ಕಿದ್ದು ರಾಶಿ ರಾಶಿ. ಏಳು ಗುಣಗಳು, ಹತ್ತು ಸೂತ್ರಗಳು, ಬೆಳಗ್ಗೆ ಐದಕ್ಕೇ ಏಳುವವರ ಗುಟ್ಟು. ಆರು ತಿಂಗಳು ಶ್ರದ್ಧೆಯಿಂದ ಓದಿದೆ. ಬುಕ್‌ಮಾರ್ಕ್‌ಗಳೇ ಇನ್ನೂರು ದಾಟಿದವು. ಓದುವಾಗ ಎಲ್ಲವೂ ಸರಿ ಅನಿಸುತ್ತಿತ್ತು. ಮಾರನೇ ದಿನ ಮೀಟಿಂಗ್‌ನಲ್ಲಿ ಕೂತರೆ ಒಂದೂ ನೆನಪಿಗೆ ಬರುತ್ತಿರಲಿಲ್ಲ.

ಆಗಲೇ ಒಂದು ಕೆಲಸ ಕೆಟ್ಟಿತು. ಗ್ರಾಹಕರಿಗೆ ಕಳಿಸಿದ ವರದಿಯಲ್ಲಿ ಲೆಕ್ಕ ತಾಳೆಯಾಗಿರಲಿಲ್ಲ. ಅವರೇ ಹಿಡಿದು ತೋರಿಸಿದರು. ಆ ಸಂಜೆ ನಮ್ಮ ಟೀಮಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಸೇರಿ ಇನ್ನೂ ನಾಲ್ಕು ತಿಂಗಳಾಗಿದ್ದವನು, ನನ್ನ ಮೇಜಿನ ಹತ್ತಿರ ಬಂದು ನಿಂತ.

"ಮೇಡಂ, ಎರಡನೇ ಶೀಟ್‌ನಲ್ಲಿ ಏನೋ ತಪ್ಪಿದೆ ಅಂತ ನನಗೆ ಸೋಮವಾರವೇ ಅನಿಸಿತ್ತು."

"ಮತ್ತೆ ಯಾಕಪ್ಪಾ ಹೇಳಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಲ್ಲ ಸರಿ ಇದೆ ಅಲ್ವಾ ಅಂತ ಕೇಳಿದ್ರಿ ಮೇಡಂ. ಎಲ್ಲರೂ ಹೂಂ ಅಂದ್ರು."

ಆ ಮಾತು ನನ್ನನ್ನು ಬಿಡಲೇ ಇಲ್ಲ. ನಾನು ಪ್ರಶ್ನೆ ಕೇಳಿರಲಿಲ್ಲ, ಉತ್ತರವನ್ನೇ ಕೊಟ್ಟು ಹೂಂಗುಟ್ಟಿಸಿದ್ದೆ. ಇನ್ನೂರು ಲೇಖನ ಓದಿದ ಮೇಲೂ ಇದು ನನಗೆ ಹೊಳೆದಿರಲಿಲ್ಲ.

ಕೆಲ ದಿನಗಳ ನಂತರ ಬೇರೇನೋ ಓದುತ್ತಿದ್ದಾಗ ಒಂದು ಅಡಿಟಿಪ್ಪಣಿಯಲ್ಲಿ ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಅಪಘಾತದ ತನಿಖಾ ವರದಿಯ ಹೆಸರು ಕಂಡಿತು. 2003ರ ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆ ಚೂರುಚೂರಾಗಿ, ಏಳು ಮಂದಿ ತೀರಿಕೊಂಡ ಅಪಘಾತ ಅದು. ತನಿಖಾ ಮಂಡಳಿಯ ವರದಿ ಅದೇ ವರ್ಷ ಆಗಸ್ಟ್‌ನಲ್ಲಿ ಹೊರಬಂತು. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ರಾಕೆಟ್ ವಿಷಯ ನನಗೇನು ಗೊತ್ತು ಅಂತ ಹಿಂಜರಿಯುತ್ತಲೇ ತೆರೆದೆ. ಆರನೇ ಅಧ್ಯಾಯಕ್ಕೆ ಬಂದಾಗ ಎದ್ದು ಕೂತೆ.

ಉಡಾವಣೆಯಾಗಿ ಸುಮಾರು 82 ಸೆಕೆಂಡಿಗೆ ಹೊರಗಿನ ಇಂಧನ ಟ್ಯಾಂಕ್‌ನಿಂದ ಒಂದು ತುಂಡು ಫೋಮ್ ಕಳಚಿ ಎಡ ರೆಕ್ಕೆಗೆ ಬಡಿದಿತ್ತು. ಅಪಘಾತಕ್ಕೆ ಕಾರಣವಾಗಿದ್ದು ಆ ಪೆಟ್ಟೇ. ಮಾರನೇ ದಿನವೇ ವಿಡಿಯೋದಲ್ಲಿ ಅದು ಕಂಡಿತ್ತು. ನೌಕೆ ಬಾಹ್ಯಾಕಾಶದಲ್ಲಿ ಇದ್ದದ್ದು ಹದಿನಾರು ದಿನ. ರೆಕ್ಕೆಯ ಫೋಟೋ ತೆಗೆಸಿ ಅಂತ ಎಂಜಿನಿಯರ್‌ಗಳು ಕೇಳಿದರು. ಮೇಲಿನವರು ಕೇಳಿದ್ದು 'ಇದನ್ನು ಕೇಳಿದವರು ಯಾರು, ಅಧಿಕೃತ ಬೇಡಿಕೆ ಇದೆಯಾ' ಅಂತ. ಫೋಟೋ ತೆಗೆಸಲಿಲ್ಲ. ಒಬ್ಬ ಎಂಜಿನಿಯರ್ ಇದು ತಪ್ಪು ಅಂತ ಖಾರವಾಗಿ ಒಂದು ಇಮೇಲ್ ಬರೆದರು. ಪ್ರಿಂಟ್ ತೆಗೆದು ಪಕ್ಕದವರಿಗೂ ತೋರಿಸಿದರು. ಆದರೆ ಕಳಿಸಲಿಲ್ಲ. ತಮ್ಮ ಮೇಲಿನವರನ್ನು ದಾಟಿ ಹೋಗಲು ಮನಸ್ಸಾಗಲಿಲ್ಲ. ಕಳಿಸದ ಆ ಇಮೇಲ್ ವರದಿಯಲ್ಲಿ ಅಚ್ಚಾಗಿದೆ. ಅದನ್ನು ಓದುವಾಗ ನನಗೆ ಕಂಡಿದ್ದು ನನ್ನ ಮೇಜಿನ ಮುಂದೆ ನಿಂತ ಆ ಹುಡುಗನ ಮುಖ.

ವರದಿ ಇನ್ನೊಂದು ಮಾತು ಹೇಳುತ್ತದೆ. 'ಇದು ಸುರಕ್ಷಿತ' ಅಂತ ತೋರಿಸಿಕೊಡುವುದು ಅಧಿಕಾರಿಗಳ ಹೊಣೆಯಾಗಬೇಕಿತ್ತು. ಅಲ್ಲಿ ಆಗಿದ್ದು ತಿರುಗುಮುರುಗು. 'ಇದು ಅಪಾಯ' ಅಂತ ಸಾಬೀತು ಮಾಡುವ ಭಾರ ಎಂಜಿನಿಯರ್‌ಗಳ ತಲೆ ಮೇಲೆ ಬಿತ್ತು. ನಾನೂ ಇದನ್ನೇ ಮಾಡುತ್ತಿದ್ದೆ, ಅಷ್ಟೇ ಯಾರೂ ವರದಿ ಬರೆದಿರಲಿಲ್ಲ.

ಮುಂದಿನ ಮೀಟಿಂಗ್‌ನಲ್ಲಿ ಪ್ರಶ್ನೆ ಬದಲಿಸಿದೆ. "ಇದು ಕೈ ಕೊಡೋದಾದ್ರೆ ಎಲ್ಲಿ ಕೈ ಕೊಡುತ್ತೆ? ಒಬ್ಬೊಬ್ಬರೂ ಒಂದೊಂದು ಹೇಳಿ." ಶುರು ಚಿಕ್ಕವರಿಂದ, ನಾನು ಕೊನೆಗೆ. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಆ ಮೌನ ತಡೆಯಲಾಗದೆ ನಾನೇ ಮಾತಾಡಿಬಿಡುವವಳಿದ್ದೆ. ಪೆನ್ನನ್ನು ಗಟ್ಟಿಯಾಗಿ ಹಿಡಿದು ಕೂತೆ. ಕೊನೆಗೆ ಆ ಹುಡುಗನೇ, "ಹಳೇ ಡೇಟಾ ಮತ್ತು ಹೊಸ ಡೇಟಾ ತಾರೀಕು ಬೇರೆ ಬೇರೆ ರೀತಿ ಬರೆದಿದ್ದಾರೆ ಮೇಡಂ" ಅಂದ. ಬೋರ್ಡಿನ ಮೇಲೆ ಬರೆದೆ. ಅದನ್ನು ಬರೆಯುವುದೇ ಮುಖ್ಯ, ಸುಮ್ನೆ ತಲೆಯಾಡಿಸಿದರೆ ಸಾಲದು. ಮೂರನೇ ವಾರಕ್ಕೆ ಬೋರ್ಡ್‌ನಲ್ಲಿ ಜಾಗ ಸಾಲದಾಯಿತು.

ಅಂದಿನಿಂದ ನನ್ನ ಹುಡುಕಾಟದ ದಾರಿಯೇ ಬೇರೆಯಾಯಿತು. 'ನಾಯಕತ್ವ' ಅಂತ ಹಣೆಪಟ್ಟಿ ಹಚ್ಚಿದ್ದನ್ನು ಹುಡುಕುವುದು ಬಿಟ್ಟೆ. ತೀರ್ಮಾನ ತೆಗೆದುಕೊಂಡವರೇ ಬರೆದದ್ದು, ಇಲ್ಲವೇ ಆ ತೀರ್ಮಾನವನ್ನು ಎಳೆಎಳೆಯಾಗಿ ಬಿಡಿಸಿ ನೋಡಿದವರು ಬರೆದದ್ದು, ಅದನ್ನು ಹುಡುಕುತ್ತೇನೆ. ಏನೇ ತೆರೆದರೂ ಮೊದಲು ನೋಡುವುದು ಒಂದೇ: ಇವರು ತಾವು ಎಲ್ಲಿ ತಪ್ಪು ಮಾಡಿದೆವು ಅಂತ ಹೇಳಿಕೊಂಡಿದ್ದಾರಾ? ಬರೀ ಗೆಲುವಿನ ಕಥೆಯಾದರೆ ಮುಚ್ಚಿಬಿಡುತ್ತೇನೆ. ಐದಕ್ಕೆ ಎದ್ದು ಗೆದ್ದವರು ಬರೆಯುತ್ತಾರೆ. ಐದಕ್ಕೆ ಎದ್ದೂ ಸೋತವರು ಬರೆಯುವುದಿಲ್ಲ, ಅಲ್ವಾ?

ಈ ಅಳತೆಯಲ್ಲಿ ಪಾಸಾದವು ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ತಮ್ಮ ಷೇರುದಾರರಿಗೆ ಬರೆದ ಪತ್ರಗಳು. 1977ರಿಂದ ಈಚಿನವು ಅವರ ಬರ್ಕ್‌ಶೈರ್ ಕಂಪನಿಯ ಜಾಲತಾಣದಲ್ಲೇ ಇವೆ. 1989ರ ಪತ್ರದಲ್ಲಿ ಮೊದಲ ಇಪ್ಪತ್ತೈದು ವರ್ಷಗಳ ತಪ್ಪುಗಳಿಗೇ ಒಂದು ಭಾಗ ಮೀಸಲು. 1993ರಲ್ಲಿ ಕೊಂಡ ಒಂದು ಶೂ ಕಂಪನಿಯ ಬಗ್ಗೆ 2007ರ ಪತ್ರದಲ್ಲಿ, ಅಲ್ಲಿಯವರೆಗೆ ತಾವು ಮಾಡಿದ ವ್ಯವಹಾರಗಳಲ್ಲೆಲ್ಲ ಅದೇ ಅತ್ಯಂತ ಕೆಟ್ಟದ್ದು ಅಂತ ನೇರವಾಗಿ ಬರೆಯುತ್ತಾರೆ. ಹಣಕಾಸು ನನ್ನ ಕ್ಷೇತ್ರವಲ್ಲ. ನಾನು ಓದುವುದು ಕೆಟ್ಟ ಸುದ್ದಿಯನ್ನು ನೆಪ ಹೇಳದೆ ಹೇಗೆ ಹೇಳುತ್ತಾರೆ ಅನ್ನುವುದಕ್ಕೆ. ತಮ್ಮ ಅಕ್ಕತಂಗಿಯರಿಗೆ ಬರೆಯುತ್ತಿದ್ದೇನೆ ಅಂದುಕೊಂಡು ಬರೆಯುತ್ತಿದ್ದರಂತೆ. ಅದಕ್ಕೇ ಭಾಷೆ ಅಷ್ಟು ಸರಳ. ಇಂಗ್ಲಿಷ್ ಓದುವುದು ನಿಧಾನ ಅನ್ನುವವರೂ ಇಲ್ಲಿಂದ ಶುರು ಮಾಡಬಹುದು.

ಅಮೆಜಾನ್ ಕಂಪನಿ ಕಟ್ಟಿದ ಜೆಫ್ ಬೆಜೋಸ್ ಅವರ ಪತ್ರಗಳಲ್ಲಿ ಎಲ್ಲವೂ ಬೇಕಾಗಿಲ್ಲ. 2015 ಮತ್ತು 2016ನೇ ಸಾಲಿನವು ಸಾಕು. ಹೋದರೆ ವಾಪಸ್ ಬರಲಾಗದ ಬಾಗಿಲು, ಬೇಡವೆನಿಸಿದರೆ ವಾಪಸ್ ಬರಬಹುದಾದ ಬಾಗಿಲು ಅಂತ ತೀರ್ಮಾನಗಳನ್ನು ಎರಡು ಮಾಡುತ್ತಾರೆ. ಎರಡನೇ ಬಗೆಯದಕ್ಕೆ ತಿಂಗಳುಗಟ್ಟಲೆ ಮೀಟಿಂಗ್ ಬೇಡ. ಬೇಕಾದ ಮಾಹಿತಿಯಲ್ಲಿ ಸುಮಾರು ಶೇಕಡಾ 70ರಷ್ಟು ಸಿಕ್ಕರೆ ಮುಂದೆ ಹೋಗಿ ಅನ್ನುತ್ತಾರೆ. ನಮ್ಮ ಟೀಮಿನಲ್ಲಿ ಈಗ "ಇದು ಯಾವ ಬಾಗಿಲು?" ಅನ್ನುವುದು ದಿನಬಳಕೆಯ ಮಾತು.

ಹಾರ್ವರ್ಡ್ ಬಿಸಿನೆಸ್ ರಿವ್ಯೂ ಅನ್ನುವ ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ ಹೊಸ ಲೇಖನಗಳಿಗಿಂತ ಹಳೆಯವೇ ನನಗೆ ಜಾಸ್ತಿ ಕೆಲಸಕ್ಕೆ ಬಂದಿವೆ. ದುಡ್ಡು ಕೊಡದೆ ಓದಬಹುದಾದವು ಕೆಲವೇ, ಹಾಗಾಗಿ ಆರಿಸಿ ಓದಬೇಕು. 1974ರಲ್ಲಿ ಆಂಕನ್ ಮತ್ತು ವಾಸ್ ಬರೆದ ಮಂಗನ ಲೇಖನ ಆರಿಸಿ. ಕೈಕೆಳಗಿನವರು "ಒಂದು ತೊಂದರೆ ಆಗಿದೆ" ಅನ್ನುತ್ತಾರೆ. ನಾವು "ಯೋಚನೆ ಮಾಡಿ ಹೇಳ್ತೀನಿ" ಅನ್ನುತ್ತೇವೆ. ಅಷ್ಟೇ, ಅವರ ಹೆಗಲ ಮೇಲಿದ್ದ ಮಂಗ ನಮ್ಮ ಹೆಗಲಿಗೆ ಹಾರಿತು. ಇದನ್ನು ಓದಿದ ಸಂಜೆ ಒಂದು ಹಾಳೆಯಲ್ಲಿ ನನ್ನ ಹೆಗಲ ಮೇಲಿದ್ದ ಮಂಗಗಳನ್ನು ಬರೆದೆ. ಹದಿನಾಲ್ಕಿದ್ದವು. ನನ್ನವು ಅಂತ ಇದ್ದದ್ದು ಮೂರೇ.

ಇವುಗಳ ಜೊತೆಗೆ ಸಂಶೋಧನಾ ಲೇಖನಗಳನ್ನೂ ಓದುತ್ತೇನೆ. ಹೆದರಬೇಡಿ. ಮೊದಲ ಪುಟದ ಸಾರಾಂಶ ಮತ್ತು ಕೊನೆಯ ಚರ್ಚೆಯ ಭಾಗ ಓದಿದರೆ ಮುಕ್ಕಾಲು ಪಾಲು ದಕ್ಕುತ್ತದೆ. ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರ ಎಣಿಕೆ. ಲೆಕ್ಕ ನೋಡಿದರೆ ಅಲ್ಲೇ ಜಾಸ್ತಿ. ಆಮೇಲೆ ಗೊತ್ತಾಯಿತು, ಆ ತಂಡಗಳಲ್ಲಿ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. 1999ರಲ್ಲಿ ಅವರು ಪ್ರಕಟಿಸಿದ ಲೇಖನ, ತಂಡದಲ್ಲಿ ಅಂಜಿಕೆಯಿಲ್ಲದೆ ಮಾತಾಡುವುದಕ್ಕೂ ಕಲಿಯುವುದಕ್ಕೂ ಇರುವ ನಂಟಿನ ಬಗ್ಗೆಯೇ ಇದೆ. ಇಂಥವು ಗೂಗಲ್ ಸ್ಕಾಲರ್‌ನಲ್ಲಿ ಸಿಗುತ್ತವೆ. ದುಡ್ಡು ಕೇಳಿದರೆ, ಲೇಖನದ ಹೆಸರಿನ ಕೆಳಗೆ ಇದರ ಎಲ್ಲ ಆವೃತ್ತಿಗಳನ್ನು ತೋರಿಸುವ ಕೊಂಡಿ ಇರುತ್ತದೆ, ಒತ್ತಿ ನೋಡಿ. ಎಷ್ಟೋ ಸಲ ಲೇಖಕರೇ ಹಾಕಿದ ಪಿಡಿಎಫ್ ಅಲ್ಲಿ ಸಿಗುತ್ತದೆ.

ಹುಡುಕುವಾಗ ಪದದ ಮುಂದೆ 'ತನಿಖಾ ವರದಿ', 'ಪತ್ರ', 'ಕೈಪಿಡಿ' ಅಂತ ಅರ್ಥ ಬರುವ ಇಂಗ್ಲಿಷ್ ಪದ ಸೇರಿಸಿ, ಪಿಡಿಎಫ್ ಮಾತ್ರ ಬೇಕು ಅಂತ ಹಾಕಿ. ಬರುವ ಫಲಿತಾಂಶಗಳೇ ಬೇರೆ. ಆದರೂ ನನಗೆ ಅತಿ ಹೆಚ್ಚು ಸಿಕ್ಕಿದ್ದು ಅಡಿಟಿಪ್ಪಣಿಗಳಿಂದ. ಒಬ್ಬ ಒಳ್ಳೆ ಲೇಖಕರು ಯಾರನ್ನು ಓದಿದ್ದಾರೋ ಅವರ ಹತ್ತಿರ ಹೋಗುವುದು. ಬೇರೆಯವರು ಬರೆದ ಸಾರಾಂಶ ಓದುವುದಿಲ್ಲ. ಕಳಿಸದ ಇಮೇಲ್‌ನಂಥದ್ದು ಸಾರಾಂಶದಲ್ಲಿ ಬರುವುದಿಲ್ಲ.

ಈಗ ನಾನು ಓದುವುದು ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಅರ್ಧ ಗಂಟೆ. ಪಕ್ಕದಲ್ಲಿ ಒಂದು ನೋಟ್‌ಬುಕ್. ಓದಿ ಮುಗಿದ ಮೇಲೆ ಎರಡೇ ಸಾಲು: ಏನು ಮಾಡಿ ನೋಡುತ್ತೇನೆ, ಯಾವ ದಿನ. ಆ ಎರಡು ಸಾಲು ಬರೆಯಲು ಆಗದಿದ್ದರೆ ಆ ಓದು ನನ್ನ ಕೆಲಸಕ್ಕೆ ಬಂದಿಲ್ಲ ಅಂತ ಲೆಕ್ಕ, ಎಷ್ಟೇ ಚೆನ್ನಾಗಿರಲಿ. ಮಾಡಿ ನೋಡಿದ್ದು ಕೈಗೂಡದಿದ್ದರೆ ಅದನ್ನೂ ಬರೆಯುತ್ತೇನೆ. ಎಲ್ಲರೊಂದಿಗೂ ವಾರಕ್ಕೊಮ್ಮೆ ಒಬ್ಬೊಬ್ಬರಾಗಿ ಕೂತು ಮಾತಾಡುವ ಕ್ರಮ ಓದಿ ಶುರು ಮಾಡಿದ್ದೆ, ಎಂಟು ಜನರಿಗೆ ಅದು ವಿಪರೀತವಾಯಿತು. ಈಗ ಹದಿನೈದು ದಿನಕ್ಕೊಮ್ಮೆ. ಹಳೆಯ ಇನ್ನೂರು ಬುಕ್‌ಮಾರ್ಕ್‌ಗಳನ್ನು ಒಂದು ಭಾನುವಾರ ಅಳಿಸಿ ಹಾಕಿದೆ.

ಕಳೆದ ವಾರ ಅದೇ ಹುಡುಗ ನನಗೊಂದು ಕೊಂಡಿ ಕಳಿಸಿದ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತ ಅಪಘಾತದ ವರದಿ. ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್, ಎದುರಿನ ವಿಮಾನ ಇನ್ನೂ ಪಕ್ಕಕ್ಕೆ ಸರಿದಿಲ್ಲವಾ ಅಂತ ಕೇಳುತ್ತಾನೆ. ಕ್ಯಾಪ್ಟನ್ ಒತ್ತಿ ಹೇಳುತ್ತಾನೆ, ಸರಿದಿದೆ ಅಂತ. ಎಂಜಿನಿಯರ್ ಮತ್ತೆ ಕೇಳುವುದಿಲ್ಲ. "ಮೇಡಂ, ಎರಡನೇ ಸಲ ಕೇಳೋದಕ್ಕೆ ನಮ್ಮಲ್ಲಿ ಏನು ವ್ಯವಸ್ಥೆ ಇದೆ?" ಅಂತ ಕೆಳಗೆ ಬರೆದಿದ್ದ. ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಶುಕ್ರವಾರದ ಅರ್ಧ ಗಂಟೆಗೆ ಅದನ್ನೇ ತೆಗೆದಿಟ್ಟುಕೊಂಡಿದ್ದೇನೆ.