ಒಂದು ಪಲ್ಟಿ, ಒಂದು ಸೆಂಟ್

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಲ್ಲಿ ನಡೆಯುವುದು ಇಂಚು ಮತ್ತು ಸೆಂಟ್ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು, ಹಾಗಾಗಿ ಒಂದು ಸೆಂಟ್ ಎಂದರೆ 0.254 ಮಿ.ಮೀ. ರೊಬಸ್ಟಾ ಕಾಫಿಗೆ ಹೂವರಳಿಸುವ ಹೂಮಳೆ ಒಂದು ಇಂಚಿನ ಆಸುಪಾಸು ಬಿದ್ದರೆ ಸ್ಪ್ರಿಂಕ್ಲರ್ ಪೈಪು ಮುಟ್ಟಬೇಕಾಗಿಲ್ಲ. ಐವತ್ತು ಅರವತ್ತು ಸೆಂಟಿಗೆ ನಿಂತರೆ ಪಂಪಿಗೆ ಡೀಸೆಲ್ ತರಿಸಬೇಕು. ಮಳೆಯೋ ಗುಡ್ಡದ ಈಚೆಗೆ ಒಂದು, ಆಚೆಗೆ ಒಂದು. ಕೊಟ್ಟಿಗೆಹಾರದಲ್ಲಿ ಧೋ ಎನ್ನುವಾಗ ಕಡೂರಿನಲ್ಲಿ ಬಿಸಿಲು ಕಾಯುತ್ತಿರುತ್ತದೆ. ಹಾಗಾಗಿ ಲೆಕ್ಕ ನಮ್ಮ ಕಾಫಿ ಒಣಗಿಸುವ ಕಣದಲ್ಲೇ ಆಗಬೇಕು.

ಕಂಪ್ಯೂಟರ್ ಸೈನ್ಸ್ ಓದುತ್ತಾ ಬಿಡುವಿನಲ್ಲಿ ಮಳೆ ಅಳೆದು ಲೆಕ್ಕ ಇಡುವ ಒಂದು ಯಂತ್ರ ಮತ್ತು ತಂತ್ರಾಂಶ ಮಾಡಿಕೊಂಡೆ. ಕಾಲೇಜು ಪ್ರಾಜೆಕ್ಟುಗಳಲ್ಲಿ ಬಳಸುವ ಬಾಚಣಿಗೆಯಂಥ ತಾಮ್ರದ ಗೆರೆಗಳ ‘ಮಳೆ ಸೆನ್ಸರ್’ ತಟ್ಟೆ ಇದಕ್ಕೆ ಬಾರದು. ಅದು ಒದ್ದೆಯೋ ಒಣಗಿದೆಯೋ ಎಂದು ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಸದಾ ಕರೆಂಟ್ ಕೊಟ್ಟಿಟ್ಟರೆ ಒಂದು ಮಳೆಗಾಲದೊಳಗೆ ಹಸಿರುಗಟ್ಟುತ್ತದೆ. ಬೇಕಾದದ್ದು ತೂಗುಬಟ್ಟಲಿನ ಮಾಪಕ: ತಕ್ಕಡಿಯಂತೆ ಕೂತ ಎರಡು ಪುಟ್ಟ ಬಟ್ಟಲು, ಒಂದು ತುಂಬಿದರೆ ಪಲ್ಟಿ, ಆಗ ಇನ್ನೊಂದು ಕೆಳಗೆ ಬರುತ್ತದೆ. ನಡುವಿನ ಅಯಸ್ಕಾಂತ, ಅದು ಹತ್ತಿರ ಬಂದಾಗ ಮುಚ್ಚಿಕೊಳ್ಳುವ ರೀಡ್ ಸ್ವಿಚ್ಚಿನ ಮುಂದೆ ಹಾದಾಗ ಒಂದು ಮಿಡಿತ.

ಬಟ್ಟಲಿನ ಭಾಗ ಬಿಡಿಯಾಗಿ ಸಿಗುತ್ತದೆ. ಮೇಲಿನ ಬಾಯಿಗೆ 160 ಮಿ.ಮೀ. ಪಿವಿಸಿ ಪೈಪಿನ ತುಂಡು ಹಾಕಿದ್ದೇನೆ. ಈ 160 ಹೊರಗಿನ ಅಳತೆ. ಲೆಕ್ಕಕ್ಕೆ ಬೇಕಾದದ್ದು ಒಳಗಿನದು. ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆದರೆ 152 ಮಿ.ಮೀ. ಬಂತು. ವ್ಯಾಸದಲ್ಲಿ ಬರೀ 2 ಮಿ.ಮೀ. ತಪ್ಪಿದರೂ ಮಳೆಯಲ್ಲಿ ಶೇ. 2.6ರಷ್ಟು ತಪ್ಪುತ್ತದೆ. ಅಂಚನ್ನು ಹೊರಗಿನಿಂದ ಓರೆಯಾಗಿ ಅರದಿಂದ ಉಜ್ಜಿ ಚೂಪು ಮಾಡಬೇಕು, ದಪ್ಪ ಅಂಚಿನ ಮೇಲೆ ಬಿದ್ದ ಹನಿ ಎತ್ತಲಾದರೂ ಸಿಡಿಯುತ್ತದೆ. 152ರ ಬಾಯಿಗೆ ವಿಸ್ತೀರ್ಣ 181.5 ಚದರ ಸೆಂ.ಮೀ., ಒಂದು ಇಂಚು ಮಳೆಗೆ 461 ಮಿ.ಲೀ. ನೀರು, ಒಂದು ಸೆಂಟಿಗೆ 4.61 ಮಿ.ಲೀ.

ಇಡುವ ಜಾಗ ಕಾಫಿ ಕಣದ ಅಂಚು. ತೋಟದಲ್ಲಿ ಆಕಾಶ ಕಾಣುವ ಬಯಲು ಅದೊಂದೇ. ಸಿಲ್ವರ್ ಓಕ್ ಮರವೋ ಗೋದಾಮೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರ ಬೇಕು. ಸಿಮೆಂಟಿನ ಮೇಲೆ ಇಡಬೇಡಿ. ಸಿಡಿದ ನೀರು ಬಾಯಿಗೆ ಬೀಳುತ್ತದೆ. ಹುಲ್ಲಿನ ಮೇಲೆ, ಬಾಯಿ ನೆಲದಿಂದ ಒಂದಡಿ ಎತ್ತರದಲ್ಲಿ, ಸ್ಪಿರಿಟ್ ಲೆವೆಲ್ ಹಿಡಿದು ಮಟ್ಟಸವಾಗಿ.

ಇನ್ನು ತಿದ್ದುವಿಕೆ. ಮೆಡಿಕಲ್ ಶಾಪಿನ ಡ್ರಿಪ್ ಸೆಟ್ ಇದಕ್ಕೆ ಹೇಳಿಮಾಡಿಸಿದ ಸಾಧನ. ಬಾಟಲಿಯಲ್ಲಿ ಅಳೆದ 461 ಮಿ.ಲೀ. ನೀರನ್ನು ಸುಮಾರು ಎರಡು ಗಂಟೆಯಲ್ಲಿ ಇಳಿಯುವಂತೆ ಗಾಲಿ ತಿರುಗಿಸಿ ಬಿಟ್ಟರೆ ನೂರು ಪಲ್ಟಿ ಬರಬೇಕು. ಮೊದಲ ಸಲ ಬಂದದ್ದು 93. ಅಂದರೆ ಒಂದು ಪಲ್ಟಿಗೆ 1.075 ಸೆಂಟ್. ಬಟ್ಟಲಿನ ಕೆಳಗಿನ ಸ್ಕ್ರೂ ಮೇಲೆತ್ತಿದರೆ ಬೇಗ ಪಲ್ಟಿ, ಇಳಿಸಿದರೆ ತಡವಾಗಿ. ಎರಡೂ ಬದಿಯನ್ನು ಸಿರಿಂಜಿನಿಂದ ಬೇರೆಬೇರೆಯಾಗಿ ನೋಡಿ ಸಮ ಮಾಡುವಷ್ಟಕ್ಕೆ ಮಾತ್ರ ಸ್ಕ್ರೂ ಮುಟ್ಟಿ. ನೂರಕ್ಕೆ ನೂರು ಬರಿಸುತ್ತೇನೆಂದು ಹಟಕ್ಕೆ ಬಿದ್ದರೆ ಸಂಜೆಯಾಗುತ್ತದೆ. ಉಳಿದ ವ್ಯತ್ಯಾಸಕ್ಕೆ ತಂತ್ರಾಂಶದಲ್ಲಿ ಗುಣಕ ಹಾಕಿದರೆ ಮುಗಿಯಿತು. ಡೇಟಾಬೇಸಿನಲ್ಲಿ ಮಾತ್ರ ಬರೀ ಪಲ್ಟಿ ಸಂಖ್ಯೆ ಇಡಬೇಕು, ಪೂರ್ಣಾಂಕವಾಗಿ. ಗುಣಕ ಓದುವಾಗ ಸೇರಲಿ. ಮುಂದಿನ ವರ್ಷ ಮತ್ತೆ ತಿದ್ದಿದಾಗ ಹಳೆಯ ಲೆಕ್ಕವನ್ನೆಲ್ಲ ಹಿಂದಕ್ಕೆ ಭಾಗಿಸುತ್ತಾ ಕೂರುವ ಪಾಡು ಬೇಡ.

ಎಣಿಸುವುದಕ್ಕೆ ವೈಫೈ ಇರುವ ಪುಟ್ಟ ಚಿಪ್ಪು, ಇಎಸ್‌ಪಿ32. ಡೆವಲಪ್‌ಮೆಂಟ್ ಬೋರ್ಡ್ ಮೇಜಿನ ಮೇಲೆ ಚೆನ್ನ, ಕಣದಲ್ಲಿ ಅಲ್ಲ. ಚಿಪ್ಪು ಗಾಢನಿದ್ರೆಯಲ್ಲಿ, ಅಂದರೆ ಬಹುಪಾಲು ಕೆಲಸ ನಿಲ್ಲಿಸಿ ಕೂತಾಗ, ಹತ್ತಾರು ಮೈಕ್ರೋಆಂಪಿಯರ್ ಕುಡಿದರೆ, ಬೋರ್ಡಿನ ಕೆಂಪು ದೀಪ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ಪು ಮೂರೂ ಸೇರಿ ಮಿಲಿಆಂಪಿಯರುಗಟ್ಟಲೆ ಕುಡಿಯುತ್ತವೆ. ಬರಿಯ ಮಾಡ್ಯೂಲನ್ನು ಅಡಾಪ್ಟರ್ ತಟ್ಟೆಗೆ ಬೆಸೆದು, ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ ನೇರವಾಗಿ ಕೊಟ್ಟೆ. ಆ ಸೆಲ್ಲು 3.2 ವೋಲ್ಟ್, ರೆಗ್ಯುಲೇಟರೇ ಬೇಡ. ಚಾರ್ಜರಿನಿಂದ ತೆಗೆದಾಗ 3.65 ವೋಲ್ಟ್ ತೋರಿಸುತ್ತದೆ, ಚಿಪ್ಪಿನ ಮಿತಿ 3.6, ಒಂದು ರಾತ್ರಿ ಇಟ್ಟು ಇಳಿದ ಮೇಲೆ ಹಾಕಬೇಕು. ಪಕ್ಕದಲ್ಲೊಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಇಲ್ಲದಿದ್ದರೆ ವೈಫೈ ಹೊತ್ತುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಚಿಪ್ಪು ರೀಸೆಟ್ ಆಗುತ್ತದೆ. ಸೋಲಾರ್ ತಟ್ಟೆಯ ಆಸೆ ಬಿಡಿ, ಜೂನ್ ಜುಲೈನಲ್ಲಿ ಮಲೆನಾಡಿನ ಬಿಸಿಲನ್ನು ನಂಬಿ ಏನೂ ನಡೆಯುವುದಿಲ್ಲ. 15 ನಿಮಿಷಕ್ಕೊಮ್ಮೆ ಎದ್ದು ಮನೆಯ ಕಂಪ್ಯೂಟರಿಗೆ ವೈಫೈಯಲ್ಲಿ ಲೆಕ್ಕ ಕಳಿಸಲು 5 ಸೆಕೆಂಡ್, 120 ಮಿಲಿಆಂಪಿಯರ್ ಎಂದು ಹಿಡಿದರೆ ದಿನಕ್ಕೆ 16 ಮಿಲಿಆಂಪಿಯರ್-ಗಂಟೆ. 6000ದ ಸೆಲ್ಲು ಸಿಗ್ನಲ್ ಸೊರಗಿದರೂ ಮುಂಗಾರು ದಾಟಿಸುತ್ತದೆ. ಐಪಿ ವಿಳಾಸವನ್ನು ಮೊದಲೇ ಗೊತ್ತು ಮಾಡಿ ಬರೆದರೆ ಪ್ರತಿ ಸಲ ಒಂದೆರಡು ಸೆಕೆಂಡ್ ಉಳಿತಾಯ.

ರೀಡ್ ಸ್ವಿಚ್ 33ನೇ ಪಿನ್ನಿಗೆ, ಹೊರಗಿನಿಂದ, ಸ್ವಿಚ್ ತೆರೆದಿದ್ದಾಗ ಪಿನ್ನನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಡುವ 100 ಕಿಲೋಓಮ್ ಪುಲ್‌ಅಪ್. 34ರಿಂದ 39ರವರೆಗಿನ ಪಿನ್ನುಗಳಿಗೆ ಒಳಗಿನ ಪುಲ್‌ಅಪ್ ಇಲ್ಲವೇ ಇಲ್ಲ. ಕೋಡಿನಲ್ಲಿ ಬರೆದರೂ ಪಿನ್ನು ತೇಲುತ್ತಲೇ ಇರುತ್ತದೆ, ಬಿಸಿಲಲ್ಲೂ ಮಳೆ ಬರುತ್ತದೆ. 12ನೇ ಪಿನ್ನನ್ನು ಪುಲ್‌ಅಪ್ ಮಾಡಿದರೆ ಬೂಟೇ ಆಗದಿರಬಹುದು.

ಪಲ್ಟಿಯಾದಾಗ ಚಿಪ್ಪು ಎದ್ದು, ಒಂದು ಕೂಡಿಸಿ, ಮತ್ತೆ ಮಲಗುತ್ತದೆ. ಇಲ್ಲಿ ಎಡವಿ ಬೀಳಬಹುದಾದ ಎರಡು ಹಳ್ಳಗಳಿವೆ. ಮೊದಲನೆಯದು, ಮಳೆ ನಿಂತಾಗ ಬಟ್ಟಲು ನಟ್ಟನಡುವೆ ಕೂತುಬಿಟ್ಟರೆ ಅಯಸ್ಕಾಂತ ಸ್ವಿಚ್ಚನ್ನು ಹಿಡಿದೇ ಇರುತ್ತದೆ. ಎದ್ದೇಳಿಸುವುದು ಮಿಡಿತವಲ್ಲ, ಮಟ್ಟ, ಅಂದರೆ ಸ್ವಿಚ್ ಮುಚ್ಚಿರುವ ಸ್ಥಿತಿ. ಚಿಪ್ಪು ಮಲಗಿದೊಡನೆ ಏಳುತ್ತದೆ, ಎದ್ದಷ್ಟು ಸಲ ಕೂಡಿಸುತ್ತದೆ. ಮಲಗುವ ಮುನ್ನ ಪಿನ್ ಓದಿ, ಸ್ವಿಚ್ ಇನ್ನೂ ಮುಚ್ಚಿದ್ದರೆ ‘ತೆರೆದಾಗ ಎಬ್ಬಿಸು’ ಎಂದು ಹೇಳಿ ಮಲಗಿಸಬೇಕು. ಹಾಗೆ ಎದ್ದದ್ದನ್ನು ಎಣಿಸಬಾರದು. ಎರಡನೆಯದು ಇದಕ್ಕಿಂತ ಮೆತ್ತಗಿನ ಕಳ್ಳ. ವೈಫೈ ಕಳಿಸುತ್ತಿರುವ ಐದು ಸೆಕೆಂಡಿನಲ್ಲಿ ಆದ ಪಲ್ಟಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಗಂಟೆಗೆ 100 ಮಿ.ಮೀ. ಹೊಡೆತದಲ್ಲಿ 9 ಸೆಕೆಂಡಿಗೊಂದು ಪಲ್ಟಿ. ಸಿಗ್ನಲ್ ಸಿಗದೆ 20 ಸೆಕೆಂಡ್ ಒದ್ದಾಡಿದರೆ ಎರಡು ಸೆಂಟ್ ಮಾಯ, ಅದೂ ಜೋರು ಮಳೆಯಲ್ಲೇ. ಎಚ್ಚರವಿರುವಷ್ಟು ಹೊತ್ತೂ, ಮಿಡಿತ ಬಂದೊಡನೆ ಬೇರೆ ಕೆಲಸ ತಡೆದು ಎಣಿಸುವ ಇಂಟರಪ್ಟ್ ಹಾಕಿ, ಒಂದು ಮಿಡಿತದ ನಂತರ 300 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಂಡರೆ ಸ್ವಿಚ್ಚಿನ ನಡುಕವೂ ಹೋಗುತ್ತದೆ, ನಿಜ ಪಲ್ಟಿಯೂ ಉಳಿಯುತ್ತದೆ.

ಕಳಿಸುವುದು ಒಟ್ಟು ಸಂಖ್ಯೆಯನ್ನು, ಬೈಕಿನ ಕಿಲೋಮೀಟರ್ ಮೀಟರಿನ ಹಾಗೆ. ‘ಈ ಕಾಲು ಗಂಟೆಯಲ್ಲಿ 12’ ಎಂದು ಕಳಿಸಿ ಆ ಸಂದೇಶ ಕಳೆದುಹೋದರೆ 12 ಸೆಂಟ್ ಹೋಯಿತು. ‘ಈವರೆಗೆ 3412’ ಎಂದರೆ ಒಂದು ಕಳೆದರೂ ಮುಂದಿನದು ಸರಿತೂಗಿಸುತ್ತದೆ. ಈ ಒಟ್ಟನ್ನು ಪ್ರತಿ ಪಲ್ಟಿಗೂ ಫ್ಲಾಶ್ ಮೆಮೊರಿಗೆ ಬರೆಯುತ್ತೇನೆ. ಫ್ಲಾಶ್ ಸವೆದುಹೋಗುತ್ತದೆ ಎಂದು ಹೆದರಿಸುವವರು ಲೆಕ್ಕ ಮಾಡಿ ನೋಡಿರುವುದಿಲ್ಲ. ವರ್ಷಕ್ಕೆ 120 ಇಂಚು ಎಂದರೆ 12,000 ಬರಹ. ಫ್ಲಾಶಿನಲ್ಲಿ ಅಂಕಿ ಬರೆದಿಡುವ ಚಿಪ್ಪಿನ ಎನ್‌ವಿಎಸ್ ವ್ಯವಸ್ಥೆಯಲ್ಲಿ ಒಂದು ಪುಟಕ್ಕೆ 126 ನಮೂದು, ಅದು ತುಂಬಿದ ಮೇಲಷ್ಟೇ ಅಳಿಸುವುದು. ವರ್ಷಕ್ಕೆ ಸುಮಾರು 95 ಅಳಿಕೆ, ಅದೂ ಹಲವು ಪುಟಗಳಿಗೆ ಹಂಚಿ. ಫ್ಲಾಶ್ ತಾಳುವುದು ಲಕ್ಷದ ಲೆಕ್ಕದಲ್ಲಿ.

ಒಟ್ಟು ಸಂಖ್ಯೆ ಎಷ್ಟು ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಅದಕ್ಕೆ ನಿದ್ರೆಯಲ್ಲೂ ಉಳಿಯುವ ಆರ್‌ಟಿಸಿ ಮೆಮೊರಿಯಲ್ಲಿ 2048 ಬೈಟುಗಳ ಸುತ್ತು ಪಟ್ಟಿ, ಕಾಲು ಗಂಟೆಗೆ ಒಂದು ಬೈಟು. ಕಾಲು ಗಂಟೆಯಲ್ಲಿ 255 ಸೆಂಟ್ ಬಿದ್ದರೆ ಲೆಕ್ಕ ಇಡಲು ಕಣವೂ ಉಳಿದಿರುವುದಿಲ್ಲ, ಹಾಗಾಗಿ ಒಂದು ಬೈಟು ಧಾರಾಳ. 21 ದಿನ ಹಿಡಿಯುತ್ತದೆ. ಮರ ಬಿದ್ದು ಲೈನ್ ಹರಿದರೆ ವಾರಗಟ್ಟಲೆ ಕರೆಂಟಿಲ್ಲದ ಊರಿಗೆ ಈ ಅಳತೆ ಬೇಕು. ಮನೆಯ ಕಂಪ್ಯೂಟರ್ ‘ಸಿಕ್ಕಿತು’ ಎಂದ ಮೇಲಷ್ಟೇ ಪಟ್ಟಿಯಿಂದ ತೆಗೆಯುವುದು.

ಆ ಕಂಪ್ಯೂಟರ್ ಒಂದು ಹಳೆ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್, ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಲಿನಕ್ಸ್, ವೆಬ್ ಪುಟಕ್ಕೆ ಪೈಥಾನಿನ ಫ್ಲಾಸ್ಕ್, ಡೇಟಾಬೇಸಿಗೆ ಎಸ್‌ಕ್ಯೂಲೈಟ್. 15 ವ್ಯಾಟ್ ಎಂದರೆ ತಿಂಗಳಿಗೆ ಹತ್ತಿರ ಹತ್ತಿರ 11 ಯೂನಿಟ್. ಮುಚ್ಚಳ ಮುಚ್ಚಿದರೆ ಮಲಗದಂತೆ ಡೆಬಿಯನ್ನಿನ ಲಾಗಿನ್‌ಡಿಯ ಸೆಟ್ಟಿಂಗಿನಲ್ಲಿ ‘ಇಗ್ನೋರ್’ ಬರೆಯಬೇಕು. ಬ್ಯಾಟರಿ ಯುಪಿಎಸ್ ಆಗುತ್ತದೆ ನಿಜ, ಆದರೆ ಊದಿಕೊಂಡಿದ್ದರೆ ತೆಗೆದು ಬಿಸಾಡಿ. ಟಚ್‌ಪ್ಯಾಡ್ ಮೇಲೆದ್ದಿರುವುದೇ ಗುರುತು.

ಎಸ್‌ಕ್ಯೂಲೈಟಿನಲ್ಲಿ ಯಂತ್ರದ ಸಂಖ್ಯೆ ಮತ್ತು ಕಾಲುಗಂಟೆಯ ಕ್ರಮಸಂಖ್ಯೆ ಸೇರಿ ಪ್ರೈಮರಿ ಕೀ, ಅಂದರೆ ಒಂದು ಸಾಲಿಗೆ ಒಂದೇ ಗುರುತು. ‘ಸಿಕ್ಕಿತು’ ಎಂಬ ಉತ್ತರ ದಾರಿಯಲ್ಲಿ ಕಳೆದು ಅದೇ ಸಾಲು ಮತ್ತೆ ಬಂದರೆ ‘ಇನ್ಸರ್ಟ್ ಆರ್ ಇಗ್ನೋರ್’ ಸುಮ್ಮನೆ ಬಿಟ್ಟುಬಿಡುತ್ತದೆ, ಮಳೆ ಎರಡು ಸಲ ಬೀಳುವುದಿಲ್ಲ. ಹೊಸ ಬೋರ್ಡ್ ಹಾಕಿದ ದಿನ ಒಟ್ಟು ಸೊನ್ನೆಗಿಳಿದು ಮೈನಸ್ 34 ಇಂಚು ಮಳೆ ಬರುತ್ತದೆ. ಹಿಂದಿನದಕ್ಕಿಂತ ಕಡಿಮೆ ಬಂದರೆ ಅಲ್ಲಿಂದ ಹೊಸ ಬುನಾದಿ ಎಂದು ತಿಳಿಯುವ ಒಂದು ಸಾಲು ಸೇರಿಸಿ.

ಗಡಿಯಾರದ ಗೋಳು ಬೇರೆ. ಗಾಢನಿದ್ರೆಯಲ್ಲಿ ಚಿಪ್ಪಿನ ಗಡಿಯಾರ ದಿನಕ್ಕೆ ನಿಮಿಷಗಟ್ಟಲೆ ಜಾರಬಹುದು, ಹಾಗಾಗಿ ಪ್ರತಿ ಉತ್ತರದ ಜೊತೆ ಲ್ಯಾಪ್‌ಟಾಪ್ ಸಮಯವನ್ನೂ ಕಳಿಸುತ್ತದೆ. ಲ್ಯಾಪ್‌ಟಾಪಿನದೇ ಗಡಿಯಾರ ನಡೆಸುವ ಸೀಮಾಸ್ ಸೆಲ್ಲು ಸತ್ತಿದ್ದು, ಕರೆಂಟ್ ಬಂದಾಗ ಇಂಟರ್‌ನೆಟ್ ಇಲ್ಲದಿದ್ದರೆ? ಎಲ್ಲೋ ಹಳೆಯ ವರ್ಷದ ಜನವರಿ ಒಂದಕ್ಕೆ ಮಳೆ ದಾಖಲಾಗುತ್ತದೆ. ಡೇಟಾಬೇಸಿನ ಕೊನೆಯ ಸಾಲಿಗಿಂತ ಹಿಂದಿನ ಸಮಯ ತೋರಿಸುತ್ತಿದ್ದರೆ ಸಮಯ ಕಳಿಸುವುದನ್ನೇ ನಿಲ್ಲಿಸುವಂತೆ ಬರೆದಿದ್ದೇನೆ. ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕುವುದಾದರೆ ಒಂದು ಎಚ್ಚರ: ಸಾಮಾನ್ಯವಾಗಿ ಸಿಗುವವುಗಳಲ್ಲಿ ಚಾರ್ಜಿಂಗಿಗೆಂದು 200 ಓಮಿನ ರೆಸಿಸ್ಟರ್ ಮತ್ತು ಡಯೋಡ್ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಸೆಲ್ಲು ಹಾಕುವವರು ಆ ರೆಸಿಸ್ಟರ್ ಕಿತ್ತೇ ಹಾಕಬೇಕು.

ಸಮಯವೆಲ್ಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ಮಳೆದಿನ ಮುಗಿಯುವುದು ನಡುರಾತ್ರಿಗಲ್ಲ, ಬೆಳಗ್ಗೆ 8.30ಕ್ಕೆ. ಆ ಹೊತ್ತಿಗೆ ಹಿಂದಿನ 24 ಗಂಟೆಯ ಮಳೆ ಅದೇ ದಿನದ ಹೆಸರಿಗೆ. ನಮ್ಮ 8.30 ಯುಟಿಸಿಯಲ್ಲಿ ಸರಿಯಾಗಿ 3 ಗಂಟೆ, ಹಾಗಾಗಿ ಸಮಯದಿಂದ ಮೂರು ಗಂಟೆ ಕಳೆದು, ತಾರೀಖು ತೆಗೆದು, ಒಂದು ದಿನ ಕೂಡಿಸಿದರೆ ಆಯಿತು. ತೋಟದ ಪುಸ್ತಕದ ಜೊತೆ ಹೋಲಿಸುವಾಗ ಮಾತ್ರ ತೋಟದ ಲೆಕ್ಕ ಬರೆಯುವ ರೈಟರು ಎಷ್ಟು ಗಂಟೆಗೆ ಅಳೆಯುತ್ತಾರೆ ಎಂದು ಕೇಳಿಕೊಳ್ಳಿ. ಏಳು ಗಂಟೆಗೆ ಆಳು ಲೆಕ್ಕದ ಜೊತೆಗೇ ಅಳೆಯುವ ಕಡೆ ಒಂದೂವರೆ ಗಂಟೆಯ ಮಳೆ ಅತ್ತಿತ್ತ ಆಗುತ್ತದೆ. ಯಂತ್ರ ತಪ್ಪಿತು ಎಂದು ಸ್ಕ್ರೂ ತಿರುವಲು ಹೋಗಬೇಡಿ. ಹಳೆ ಪುಸ್ತಕ ಕಂಪ್ಯೂಟರಿಗೆ ಏರಿಸುವಾಗ ಯಾರೋ ‘೧೪’ ಎಂದು ಕನ್ನಡ ಅಂಕಿಯಲ್ಲೇ ಟೈಪ್ ಮಾಡಿದ್ದರೂ ಪೈಥಾನ್ ಅದನ್ನು 14 ಎಂದೇ ಓದಿಕೊಳ್ಳುತ್ತದೆ. ಇದು ಗೊತ್ತಾದಾಗ ಖುಷಿಯಾಯಿತು.

ತೋರಿಸುವ ಭಾಗದಲ್ಲಿ ಕನ್ನಡ ತನ್ನದೇ ತಕರಾರು ತೆಗೆಯುತ್ತದೆ. ಗ್ರಾಫ್ ಬಿಡಿಸಲು ನಾನು ಬಳಸಿದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಒತ್ತಕ್ಷರ ಕೂಡಲಿಲ್ಲ. ಫಾಂಟ್ ಸರಿಯಿದ್ದರೂ ‘ಕೊಟ್ಟಿಗೆಹಾರ’ ಎಂಬುದು ‘ಕೊಟ್‌ಟಿಗೆಹಾರ’ ಆಗಿ ನಿಂತಿತು. ಚಿತ್ರ ಮಾಡುವುದನ್ನೇ ಬಿಟ್ಟು, ಗ್ರಾಫನ್ನು, ಅಕ್ಷರವನ್ನು ಅಕ್ಷರವಾಗಿಯೇ ಇಡುವ ಎಸ್‌ವಿಜಿಯಾಗಿ ಬರೆದು ಅಕ್ಷರ ಜೋಡಿಸುವ ಕೆಲಸವನ್ನು ಬ್ರೌಸರಿಗೆ ವಹಿಸಿದೆ. ಸಿಎಸ್‌ವಿ ಫೈಲನ್ನು ಬಿಒಎಂ ಎಂಬ ಮೊದಲ ಗುರುತಿನ ಸಮೇತ ಯುಟಿಎಫ್-8ರಲ್ಲಿ ಉಳಿಸಿ, ಇಲ್ಲದಿದ್ದರೆ ಎಕ್ಸೆಲ್ ತೆರೆದವರಿಗೆ ಕಾಣುವುದು ಕಸ. ಎಸ್ಸೆಮ್ಮೆಸ್ ಕನ್ನಡದಲ್ಲಾದರೆ ಒಂದಕ್ಕೆ 70 ಅಕ್ಷರವಷ್ಟೇ, ಮಾತ್ರೆ ಒತ್ತುಗಳೂ ಲೆಕ್ಕಕ್ಕೆ ಸೇರುತ್ತವೆ. ಎರಡು ಇಂಚು ನಾಲ್ಕು ಸೆಂಟನ್ನು ‘2.4’ ಎಂದು ಕಳಿಸಿದರೆ ತೋಟದವರು ಓದುವುದು ಎರಡು ಇಂಚು ನಲವತ್ತು. ‘2.04’ ಎಂದೇ ಬರಬೇಕು.

ಇಷ್ಟಾದ ಮೇಲೂ ಲೆಕ್ಕ ಕೆಡಿಸುವುದು ಒಂದು ಎಲೆ. ಜಾಲರಿಯ ಮೇಲೆ ಸಿಲ್ವರ್ ಎಲೆ ಕೂತೋ, ಕೊಳವೆಯಲ್ಲಿ ಕಣಜ ಮಣ್ಣು ಮೆತ್ತಿಯೋ ದಾರಿ ಕಟ್ಟಿದರೆ ನೀರು ಮೇಲೆ ನಿಂತು ಮೆಲ್ಲಗೆ ಸೋರುತ್ತದೆ. ಇದು ಅಂಕಿಗಳಲ್ಲೇ ಕಾಣುತ್ತದೆ. ನಿಜವಾದ ಮಳೆಯ ಕಾಲುಗಂಟೆಗಳು 31, 4, 12, 0, 2 ಎಂದು ಕುಣಿಯುತ್ತವೆ. ಕಟ್ಟಿಕೊಂಡಾಗ 21, 19, 18, 16, 15, 13 – ಮೇಲಿನ ನೀರು ಇಳಿದಂತೆ ಒತ್ತಡ ತಗ್ಗಿ ಒಂದೇ ಹದದಲ್ಲಿ ಇಳಿಯುತ್ತದೆ. ಮಳೆ ಹೀಗೆ ಶಿಸ್ತಾಗಿ ನಿಲ್ಲುವುದಿಲ್ಲ. ಸತತ ಆರು ಸಲ, ಪ್ರತಿ ಸಲವೂ ಶೇ. 20ಕ್ಕಿಂತ ಕಡಿಮೆ ಇಳಿಕೆ ಕಂಡರೆ ‘ಜಾಲರಿ ನೋಡಿ’ ಎಂಬ ಸಂದೇಶ ಹೋಗುತ್ತದೆ. ಆಷಾಢದ ಜಿಟಿಜಿಟಿಯಲ್ಲಿ ಸುಳ್ಳು ಎಚ್ಚರಿಕೆಯೂ ಬರುತ್ತದೆ, ಅದಕ್ಕೇ ಅಂಕಿಯನ್ನು ತಂತ್ರಾಂಶ ತಾನಾಗಿ ಅಳಿಸುವುದಿಲ್ಲ. ಮಂಜು ಬಿದ್ದ ಬೆಳಗ್ಗೆ ಬರುವ ಒಂಟಿ ಪಲ್ಟಿಯನ್ನೂ ಅಷ್ಟೇ, ಗುರುತು ಹಾಕಿ ಬಿಟ್ಟಿದ್ದೇನೆ.

ಜೋರು ಮಳೆಯಲ್ಲಿ ಈ ಬಗೆಯ ಮಾಪಕ ಕಡಿಮೆ ತೋರಿಸುತ್ತದೆ. ಬಟ್ಟಲು ಮಗುಚುವ ಅರೆಕ್ಷಣ ನೀರು ತುಂಬಿದ ಬಟ್ಟಲಿಗೇ ಬೀಳುತ್ತಿರುತ್ತದೆ. ಪಕ್ಕದಲ್ಲಿ ಕೈಯಿಂದ ಅಳೆಯುವ ಹಳೆಯ ಮಾಪಕ ಹಾಗೇ ಇದೆ. ಅದರ ದಿನದ ಅಂಕಿಗೆ ಟೇಬಲಿನಲ್ಲಿ ಬೇರೆಯೇ ಒಂದು ಕಾಲಂ, ತಿಂಗಳ ಕೊನೆಗೆ ಎರಡರ ಅನುಪಾತ. ಅದು ದಿಢೀರನೆ ಬದಲಾದರೆ ಮೊದಲು ನೋಡಬೇಕಾದದ್ದು ಸ್ಪಿರಿಟ್ ಲೆವೆಲ್. ಕಣದ ಅಂಚಿನಲ್ಲಿ ದನ ಮೈ ಉಜ್ಜಿರುತ್ತದೆ.